ಅವ್ವನ ಒಲೆಗಾಗಿ ಗೋಡೆ ಒಡೆದದ್ದು

ಕಳೆದ ಬೇಸಿಗೆಯಲ್ಲಿ ನಮ್ಮ ಅಡುಗೆಮನೆ ಗೋಡೆ ಒಡೆದೆವು. ಒಡೆಯಬೇಕಾಗಿದ್ದು ಒಂದೂವರೆ ಅಡಿ ಅಷ್ಟೇ. ಒಂದು ದಿನದ ಕೆಲಸ ಅಂದುಕೊಂಡಿದ್ದೆ, ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಅವ್ವ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಹಿಟ್ಟು ತೊಳಸಿದಳು. ನಿಮ್ಮ ಮನೆಯಲ್ಲೂ ಹಳೇ ಒಲೆ ಬದಲಾಯಿಸುವ ಯೋಚನೆ ಇದ್ದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕುಣಿಗಲ್ ಕಡೆ ಊರು. ಮನೆ ತಾತನ ಕಾಲದ್ದು. ಮಣ್ಣಿನ ಗೋಡೆ, ದಪ್ಪ ಎರಡಡಿ. ಆ ಗೋಡೆಯಲ್ಲೇ ಗೂಡು ಬಿಟ್ಟು ಒಲೆ ಹಾಕಿದ್ದಾರೆ. ಗೂಡಿನ ಮೇಲೆ ಒಂದು ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮತ್ತೆ ಗೋಡೆ, ಅದರ ಮೇಲೆ ಅಟ್ಟದ ತೊಲೆ. ಹೊಗೆ ಗವಾಕ್ಷಿಯಲ್ಲಿ ಹೋದರೆ ಹೋಯಿತು, ಇಲ್ಲದಿದ್ದರೆ ಮನೆಯೆಲ್ಲ ಸುತ್ತುತ್ತದೆ.

ಮನೆಯಲ್ಲಿ ಗ್ಯಾಸ್ ಇಲ್ಲವೇ ಅಂತ ಕೇಳುತ್ತೀರಿ. ಇದೆ. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ನಮ್ಮ ಸುತ್ತಲ ಊರುಗಳಿಗೆ ಸಿಲಿಂಡರ್ ಬಂದದ್ದನ್ನು ನಾನೇ ಸುದ್ದಿ ಮಾಡಿದ್ದೇನೆ. ಇನ್ನು ಮೇಲೆ ಹೊಗೆಯಿಲ್ಲದ ಅಡುಗೆಮನೆ ಅಂತ ಬರೆದಿದ್ದೆ. ಅದನ್ನು ಟೈಪ್ ಮಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅವ್ವ ಕೆಮ್ಮುತ್ತಿದ್ದಳು. ನಮ್ಮ ಮನೆಯಲ್ಲಿ ಗ್ಯಾಸ್ ಇರುವುದು ಟೀಗೆ, ಮಗುವಿನ ಹಾಲಿಗೆ, ನೆಂಟರು ಬಂದರೆ ಉಪ್ಪಿಟ್ಟಿಗೆ. ಮುದ್ದೆ, ಸಾರು, ಸ್ನಾನದ ನೀರು ಎಲ್ಲ ಸೌದೆ ಒಲೆಯಲ್ಲೇ. ಸೌದೆ ತೋಟದಲ್ಲಿ ಬಿದ್ದಿರುತ್ತದೆ, ಸಿಲಿಂಡರಿಗೆ ದುಡ್ಡು ಕೊಡಬೇಕು. ಲೆಕ್ಕ ಇಷ್ಟೇ.

ಕೆಮ್ಮು ಜಾಸ್ತಿಯಾದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಬೀಡಿಗೀಡಿ ಸೇದ್ತೀಯೇನಮ್ಮ?" ಅಂತ ಕೇಳಿದರು.

ಅವ್ವ ನಕ್ಕುಬಿಟ್ಟಳು. "ಇಲ್ಲ ಸ್ವಾಮಿ, ಒಲೆ ಊದ್ತೀನಿ."

ಅವರು ನಗಲಿಲ್ಲ. ಎರಡೂ ಒಂದೇ ಅಂದರು.

ಆಗ ನೆನಪಾದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ ಒಂದು ವಿಭಾಗ ಕಟ್ಟಿದರು. ಅದರ ಹೆಸರು ಅಸ್ತ್ರ. ನಮ್ಮ ತಾಲ್ಲೂಕಿನ ಉಂಗ್ರದಲ್ಲೇ ಅವರ ಕೇಂದ್ರ ಇತ್ತು. ಅಲ್ಲಿಯವರು ರೂಪಿಸಿದ ಒಲೆ ಇದು. ಬೆಂಕಿಗೂಡು ಮುಚ್ಚಿರುತ್ತದೆ. ಸೌದೆ ಕಬ್ಬಿಣದ ಜಾಲರಿ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆಯ ಅಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ, ಕೊನೆಗೆ ಕೊಳವೆಯಲ್ಲಿ ಮನೆಯಾಚೆ ಹೋಗುತ್ತದೆ. ಸೌದೆ ಕಡಿಮೆ ಸಾಕು, ಹೊಗೆ ಒಳಗೆ ನಿಲ್ಲುವುದಿಲ್ಲ.

ಮೂರು ಪಾತ್ರೆ ಸಾಲಾಗಿ ಕೂರಬೇಕೆಂದರೆ ನಮ್ಮ ಗೂಡು ಸಾಲದು. ಎರಡೂವರೆ ಅಡಿ ಇದ್ದದ್ದನ್ನು ನಾಲ್ಕು ಅಡಿ ಮಾಡಬೇಕು. ನಾನು ಟೇಪು ಹಿಡಿದು ಅಳೆದೆ, ಹಾಳೆಯಲ್ಲಿ ನಕ್ಷೆ ಬರೆದೆ. ಒಬ್ಬ ಕೂಲಿ ಹುಡುಗನನ್ನು ಕರೆದು, ಬಲಗಡೆಯಿಂದ ಒಡಿ ಅಂದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಚಪ್ಪಡಿ ಕಲ್ಲು ಬಲಗಡೆ ಗೋಡೆಯ ಮೇಲೆ ಕೂತಿದ್ದದ್ದು ಬರೀ ಅರ್ಧ ಅಡಿ. ನಾವು ಒಡೆದದ್ದು ಅದೇ ಅರ್ಧ ಅಡಿಯನ್ನು. ಕಲ್ಲು ಒಂದು ಕಡೆ ವಾಲಿತು, ಮೇಲಿಂದ ಮಣ್ಣು ಉದುರಿತು, ಗೋಡೆಯಲ್ಲಿ ಅಟ್ಟದ ತನಕ ಬಿರುಕು ಬಿಟ್ಟಿತು. ಹುಡುಗ ಹಾರಿ ಹಿಂದೆ ಸರಿದ. ಐದು ನಿಮಿಷ ಮುಂಚೆ ಅವ್ವ ಅಲ್ಲೇ ಬಗ್ಗಿ ಬೂದಿ ಬಾಚುತ್ತಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಮಾರನೇ ದಿನ ಪಕ್ಕದೂರಿನ ವಯಸ್ಸಾದ ಮೇಸ್ತ್ರಿಯೊಬ್ಬರು ಬಂದರು. ನನಗೆ ಬೈಯಲಿಲ್ಲ. ಬಿರುಕಿನ ಮೇಲೆ ಕೈಯಾಡಿಸಿ, "ಮೊದಲು ಮೇಲಿನ ಭಾರ ಹೊರಬೇಕು, ಆಮೇಲೆ ಕೆಳಗೆ ಒಡೀಬೇಕು" ಅಂದರು ಅಷ್ಟೇ. ಅಟ್ಟದ ಸಾಮಾನು ಇಳಿಸಿದರು. ತೊಲೆಗೆ ನೀಲಗಿರಿ ಕಂಬಗಳ ಆಸರೆ ಕೊಟ್ಟರು. ಕಂಬದ ಬುಡಕ್ಕೆ ಹಲಗೆ ಇಟ್ಟರು, ನೆಲಕ್ಕೆ ಇಳಿಯಬಾರದೆಂದು. ಆಮೇಲೆ ಹಳೇ ಕಲ್ಲು ತೆಗೆದು ಐದೂವರೆ ಅಡಿಯ ಹೊಸ ಚಪ್ಪಡಿ ತರಿಸಿ, ಎರಡೂ ಕಡೆ ಮುಕ್ಕಾಲು ಅಡಿ ಗೋಡೆಯೊಳಗೆ ಕೂರಿಸಿದರು. ಅದು ಗಟ್ಟಿಯಾಗಿ ಕೂತ ಮೇಲೇ ಕೆಳಗಿನ ಮಣ್ಣು ತೆಗೆಸಿದ್ದು.

ಗೂಡು ಸಿದ್ಧವಾಯಿತು. ನಾನು ನನ್ನ ನಕ್ಷೆ ತಂದು ಕೊಟ್ಟೆ. ಅವರು ನೋಡಿ ಮಡಚಿ ಜೇಬಿಗೆ ಹಾಕಿಕೊಂಡು, ಒಳಗೆ ಕೂಗಿದರು.

"ಅಕ್ಕಾ, ನೀನು ಹಿಟ್ಟು ತೊಳಸೋ ಪಾತ್ರೆ ತಗೊಂಬಾ. ಸಾರಿಂದೂ ತಗೊಂಬಾ. ನೀರಿಂದೂ."

ಈ ಒಲೆಯಲ್ಲಿ ಪಾತ್ರೆ ತೂತಿಗೆ ಸರಿಯಾಗಿ ಕೂರಬೇಕು. ಸಂದು ಬಿಟ್ಟರೆ ಹೊಗೆ ಅಲ್ಲೇ ಎದ್ದು ಬರುತ್ತದೆ. ಗೋಡೆ ಅಳೆದ ನಾನು ಪಾತ್ರೆ ಅಳೆದೇ ಇರಲಿಲ್ಲ.

ಆಮೇಲೆ ಎತ್ತರದ ಮಾತು ಬಂತು. ನಿಂತು ಅಡುಗೆ ಮಾಡಲಿ ಅಂತ ನಾನು ಎರಡೂವರೆ ಅಡಿ ಕಟ್ಟೆ ಬರೆದಿದ್ದೆ. ಅವ್ವ ಒಪ್ಪಲಿಲ್ಲ.

"ಅಷ್ಟೆತ್ತರದಿಂದ ಕುದಿಯೋ ಪಾತ್ರೆ ಕೆಳಗಿಳಿಸೋರು ಯಾರ್ಲಾ? ಹಿಟ್ಟು ತೊಳಸೋದು ಕೂತ್ಕೊಂಡು ಕಣಪ್ಪ. ಕವೆಗೋಲು ಕಾಲಲ್ಲಿ ಅದುಮ್ಬೇಕು. ನಿಂತ್ಕೊಂಡು ಹೆಂಗೆ ಅದುಮ್ಲಿ?"

ಮೂವತ್ತು ವರ್ಷ ಆ ಮುದ್ದೆ ತಿಂದಿದ್ದೇನೆ. ಅದನ್ನು ತೊಳಸುವಾಗ ಅವ್ವ ಕವೆಗೋಲನ್ನು ಯಾವ ಕಾಲಲ್ಲಿ ಒತ್ತುತ್ತಾಳೆ ಅಂತ ಒಮ್ಮೆಯೂ ನೋಡಿರಲಿಲ್ಲ. ಹಳ್ಳಿ ಹೆಂಗಸರ ಕಷ್ಟದ ಬಗ್ಗೆ ಎಷ್ಟೋ ಸುದ್ದಿ ಕಳಿಸಿದ್ದೇನೆ, ನಮ್ಮ ಒಲೆ ಮುಂದೆ ಹತ್ತು ನಿಮಿಷ ಕೂತಿರಲಿಲ್ಲ. ಕೊನೆಗೆ ಒಲೆ ಒಂದಡಿ ಎತ್ತರಕ್ಕೆ ನಿಂತಿತು, ಅವ್ವ ಮಣೆ ಹಾಕಿ ಕೂರುವಷ್ಟು.

ಕೊಳವೆಯನ್ನು ಹೆಂಚಿನಿಂದ ಮೇಲಕ್ಕೆ ಬಿಟ್ಟು ತಲೆಗೆ ತಗಡಿನ ಟೋಪಿ ಹಾಕಿದೆವು. ಮಾಡಿನ ಮರದ ರೀಪಿಗೆ ಕೊಳವೆ ತಾಗದಂತೆ ಜಾಗ ಬಿಟ್ಟಿದ್ದೇವೆ, ಕಾದರೆ ಮರ ಹೊತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಆಗಾಗ ತೆಗೆಯಬೇಕು. ತೆಗೆಯದಿದ್ದರೆ ಹೊಗೆ ಮತ್ತೆ ಮನೆಯೊಳಗೇ.

ಅವ್ವನ ಕೆಮ್ಮು ಪೂರ್ತಿ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಅಷ್ಟು ವರ್ಷದ ಹೊಗೆ ಒಂದು ವರ್ಷದಲ್ಲಿ ಎದೆಯಿಂದ ಇಳಿಯುವುದಿಲ್ಲ. ಆದರೆ ಅಡುಗೆ ಮಾಡುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ನಿಂತಿದೆ. ಮೂರನೇ ಪಾತ್ರೆಯಲ್ಲಿ ನೀರು ತಾನಾಗಿಯೇ ಬೆಚ್ಚಗಾಗುತ್ತದೆ. ಮಗಳು ಈಗ ಅಜ್ಜಿ ಪಕ್ಕ ಕೂತು ಹೋಂವರ್ಕ್ ಬರೆಯುತ್ತಾಳೆ. ಮುಂಚೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ಒಂದೇ ತೊಂದರೆ. ಒಲೆಯ ಬಾಯಿ ಚಿಕ್ಕದು, ದಪ್ಪ ಸೌದೆ ಹಿಡಿಸುವುದಿಲ್ಲ, ಸಣ್ಣಗೆ ಸೀಳಬೇಕು. ಅವ್ವ ಮೊದಲನೇ ದಿನವೇ ಹೇಳಿಬಿಟ್ಟಳು, "ಒಲೆ ನೀನು ತಂದಿದ್ದು, ಸೌದೆನೂ ನೀನೇ ಸೀಳು." ಹಾಗಾಗಿ ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡಿದರೆ ತಕ್ಷಣ ಎತ್ತುವುದಿಲ್ಲ. ಹಿತ್ತಿಲಲ್ಲಿ ಕೊಡಲಿ ಹಿಡಿದಿರುತ್ತೇನೆ.