ಸ್ಪಿಯರ್ ಗನ್ ಕೊಳ್ಳುವ ಮುಂಚೆ ಒಂದು ಮಾತು

ನಮ್ಮ ಕರಾವಳಿಯ ಹುಡುಗರ ಮೊಬೈಲಿನಲ್ಲಿ ಈಗ ಒಂದು ಹೊಸ ಹುಚ್ಚು ಓಡಾಡುತ್ತಿದೆ. ಗಾಜಿನಂಥ ನೀಲಿ ನೀರು, ಕಾಲಿಗೆ ಉದ್ದನೆಯ ಫಿನ್ಸ್ ಹಾಕಿಕೊಂಡ ಒಬ್ಬ ಮನುಷ್ಯ, ಕೈಯಲ್ಲಿ ಆಳೆತ್ತರದ ಗನ್. ಟಪ್ ಎಂದರೆ ಬಾಣದ ತುದಿಗೆ ದೊಡ್ಡ ಮೀನು. ವಿಡಿಯೊ ಮುಗಿಯುವಷ್ಟರಲ್ಲಿ ನೋಡಿದವನ ಬಾಯಲ್ಲಿ ಎರಡು ಪ್ರಶ್ನೆ: ಇದು ಎಲ್ಲಿ ಸಿಗುತ್ತದೆ? ಎಷ್ಟಾಗುತ್ತದೆ?

ಜಿಲ್ಲೆಯ ಸುದ್ದಿ ಬರೆಯುವವನನ್ನು ಜನ ಏನು ಬೇಕಾದರೂ ಕೇಳುತ್ತಾರೆ. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಕಾಲೇಜಿನ ಸೀಟು. ಈಚೆಗೆ ಆ ಪಟ್ಟಿಗೆ ಸ್ಪಿಯರ್ ಗನ್ನೂ ಸೇರಿದೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೀನು ಬೇಟೆಗಾರನಲ್ಲ. ನೀಲಿಕಲ್ಲು ತೆಗೆಯಲು ಮುಳುಗುವವರ ಜೊತೆ, ಡೈವಿಂಗ್ ಕಲಿಸುವವರ ಜೊತೆ ಕೂತು ಕೇಳಿ ತಿಳಿದದ್ದು ಇಷ್ಟು.

ಮೊದಲು ಈ ಗನ್ ಎಲ್ಲಿಯದು ಎಂದು ನೋಡಿ. ಈಟಿಯಲ್ಲಿ ಮೀನು ಹೊಡೆಯುವುದು ಮನುಷ್ಯನಷ್ಟೇ ಹಳೆಯದು. ನೀರೊಳಗೆ ಮುಳುಗಿ ಗನ್ನಿನಲ್ಲಿ ಹೊಡೆಯುವ ಚಟ ಬೆಳೆದದ್ದು 1930ರ ದಶಕದಲ್ಲಿ, ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ. ಅಲ್ಲಿದ್ದ ಅಮೆರಿಕದ ಲೇಖಕ ಗೈ ಗಿಲ್‌ಪ್ಯಾಟ್ರಿಕ್ 1938ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದ. ಮೆಡಿಟರೇನಿಯನ್ ಸಮುದ್ರದ ನೀರು ತಿಳಿ. ದೂರದ ಮೀನು ಕಾಣುತ್ತದೆ, ಮೀನಿಗೂ ನೀವು ಕಾಣುತ್ತೀರಿ. ಹಾಗಾಗಿ ದೂರಕ್ಕೆ ಹೊಡೆಯುವ ಉದ್ದ ಗನ್ ಅಲ್ಲಿ ಬೇಕಾಗುತ್ತದೆ.

ನಮ್ಮ ನೀರು ಹಾಗಿಲ್ಲ. ಶರಾವತಿ, ಅಘನಾಶಿನಿ, ಕಾಳಿ ತರುವ ಮಣ್ಣೆಲ್ಲ ಇದೇ ದಂಡೆಗೆ ಬಂದು ಬೀಳುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆಗಿರುವ ನೇತ್ರಾಣಿಯ ಸುತ್ತ ಚಳಿಗಾಲದಲ್ಲಿ ನೀರು ತಿಳಿಯಾಗುತ್ತದೆ, ಹೌದು. ಆದರೆ ನಮ್ಮ ಹುಡುಗರು ದಿನಾ ಇಳಿಯುವುದು ನೇತ್ರಾಣಿಯಲ್ಲಲ್ಲ, ಮನೆ ಹಿಂದಿನ ಬಂಡೆಯ ಹತ್ತಿರ.

ನನ್ನ ಸೋದರತ್ತೆಯ ಮಗ ಚಿಕ್ಕಂದಿನಿಂದ ನೀಲಿಕಲ್ಲು ತೆಗೆಯುವವನು. ಹೋದ ವರ್ಷ ಒಂದು ಫೋಟೊ ಕಳಿಸಿದ. 120 ಸೆಂ.ಮೀ. ಉದ್ದದ, ಎರಡು ರಬ್ಬರಿನ ಗನ್. ಬೆಲೆ 32,000 ರೂಪಾಯಿ. "ಭಾವ, ಹೆಂಡತಿ ಸಂಘದಲ್ಲಿ ಸಾಲ ಸಿಗ್ತದೆ. ತಕ್ಕೊಳ್ಳಲಾ?" ಅಂದ.

ನಾನು ಅವನಿಗೆ ಒಂದು ಕೆಲಸ ಹೇಳಿದೆ. ಬಿಳಿ ಮುಚ್ಚಳವೊಂದನ್ನು ಹಗ್ಗದ ತುದಿಗೆ ಕಟ್ಟು. ಜೊತೆಗಾರ ಅದನ್ನು ಹಿಡಿದು ನೀರೊಳಗೆ ದೂರ ಹೋಗುತ್ತಿರಲಿ. ಅದು ಕಣ್ಣಿಗೆ ಕಾಣದಾದಾಗ ಹಗ್ಗ ಅಳೆ. ಎರಡು ಮೂರು ದಿನ ಅಳೆದು ಹೇಳಿದ: ಒಂದೂವರೆ ಮಾರು, ಬಹಳ ಒಳ್ಳೆಯ ದಿನ ಎರಡು.

ಎರಡು ಮಾರಿನ ಆಚೆ ಏನೂ ಕಾಣದ ನೀರಿನಲ್ಲಿ ದೂರಕ್ಕೆ ಹೊಡೆಯುವ ಗನ್ ಇಟ್ಟುಕೊಂಡು ಮಾಡುವುದೇನು? ಬಾಣ ಕಣ್ಣಿಗಿಂತ ಮುಂದೆ ಹೋಗುತ್ತದೆ. ಆ ಮಬ್ಬಿನಾಚೆ ಇರುವುದು ಬಂಡೆಯೋ, ಬಲೆಯೋ, ಜೊತೆಗೆ ಮುಳುಗಿದವನ ಕಾಲೋ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ: ಮಾಸ್ಕಿನ ಗಾಜಿನಲ್ಲಿ ನೋಡಿದರೆ ನೀರೊಳಗಿನ ವಸ್ತು ಸುಮಾರು ಕಾಲು ಭಾಗ ಹತ್ತಿರ ಕಾಣುತ್ತದೆ. 4 ಮೀಟರ್ ದೂರದ ಮೀನು 3 ಮೀಟರಿನಲ್ಲಿದೆ ಅನಿಸುತ್ತದೆ. ಹೊಸಬರ ಗುರಿ ತಪ್ಪಲು ಇದೂ ಒಂದು ಕಾರಣ.

ನಮ್ಮ ದಂಡೆಯ ಬಂಡೆಗಳಿಗೆ 75 ಸೆಂ.ಮೀ. ಗನ್ ಸಾಕು. ನೀರು ತಿಳಿಯಿರುವ ಕಡೆ ಹೋಗುವವರಿಗೆ 90. ಮುರು, ಕೆಂಬೇರಿ ಇರುವುದು ಬಂಡೆಯ ಸಂದಿಯಲ್ಲಿ. ಅಲ್ಲಿ ಉದ್ದ ಗನ್ ತಿರುಗಿಸಲಿಕ್ಕೇ ಆಗುವುದಿಲ್ಲ. ಹೊಡೆತದ ಜೋರು ಹೆಚ್ಚಾದಷ್ಟೂ ಬಾಣ ಕಲ್ಲಿಗೆ ಬಡಿದು ಸೊಟ್ಟಗಾಗುತ್ತದೆ.

ಗನ್ನಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ರಬ್ಬರಿನದು, ನಮ್ಮ ಕವಣೆಯ ಹಾಗೆ. ಇನ್ನೊಂದು ಗಾಳಿಯದು. ಅದರ ಕೊಳವೆಯೊಳಗೆ ಪಂಪಿನಿಂದ ಗಾಳಿ ತುಂಬಿಸಿರುತ್ತಾರೆ, ಬಾಣವನ್ನು ಬಾಯಿಂದ ಒಳಕ್ಕೆ ಒತ್ತಿ ಕೂರಿಸಬೇಕು. ಗಾಳಿ ಗನ್ ಗಿಡ್ಡವಾಗಿದ್ದರೂ ಜೋರಾಗಿ ಹೊಡೆಯುತ್ತದೆ. ಆದರೆ ಒಳಗಿನ ಸೀಲಿಗೆ ಮರಳು, ಉಪ್ಪು ಹತ್ತಿದರೆ ಕೆಟ್ಟಿತು, ರಿಪೇರಿ ಮಾಡುವವರು ನಮ್ಮ ಪೇಟೆಯಲ್ಲಿ ಇಲ್ಲ. ರಬ್ಬರ್ ಹರಿದರೆ ನೀವೇ ಹೊಸದು ಹಾಕಿಕೊಳ್ಳಬಹುದು. ಬೇಟೆ ಮುಗಿದ ಮೇಲೆ ಬಾವಿ ನೀರಿನಲ್ಲಿ ತೊಳೆದು ನೆರಳಲ್ಲಿಟ್ಟರೆ ಬಾಳಿಕೆ ಬರುತ್ತದೆ. ಬಿಸಿಲಿಗೆ ಬಿಟ್ಟ ರಬ್ಬರ್ ಸೀಳು ಬಿಡುತ್ತದೆ. ಹಳೆಯ ಗನ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಯಾವ ಗನ್ನಾದರೂ ದೋಣಿಯಲ್ಲಿ, ದಂಡೆಯಲ್ಲಿ ಲೋಡ್ ಮಾಡಕೂಡದು. ಲೋಡ್ ಮಾಡುವುದೂ ನೀರಿನಲ್ಲಿ, ಖಾಲಿ ಮಾಡುವುದೂ ನೀರಿನಲ್ಲಿ. ಸೇಫ್ಟಿ ಲಾಕ್ ಇದೆ ಎಂದು ನಂಬಿ ಯಾರ ಕಡೆಗೂ ತಿರುಗಿಸಬೇಡಿ.

ಈಗ ಉಸಿರಿನ ಮಾತು. ಮುಳುಗುವ ಮುಂಚೆ ಜೋರುಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದರೆ ಹೆಚ್ಚು ಹೊತ್ತು ಇರಬಹುದು ಎಂದು ಹಲವರು ನಂಬಿದ್ದಾರೆ. ಹಾಗೆ ಮಾಡಿದಾಗ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ಉಸಿರು ಬೇಕು ಎಂದು ದೇಹ ಕೂಗುವುದು ಅದರಿಂದಲೇ. ಆ ಕೂಗು ಅಡಗಿದರೆ ಅಪಾಯ ಗೊತ್ತಾಗುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಮೇಲೆ ಬರುತ್ತಾ ಒತ್ತಡ ಇಳಿದ ಹಾಗೆ ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕವೂ ರಕ್ತಕ್ಕೆ ಸಾಲದಾಗುತ್ತದೆ. ಅದಕ್ಕೇ ಬಹಳ ಜನ ಪ್ರಜ್ಞೆ ತಪ್ಪುವುದು ತಳದಲ್ಲಲ್ಲ, ಇನ್ನೇನು ಮೇಲೆ ಬಂದೆ ಅನ್ನುವಾಗ. ಹಾಗಾಗಿ ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲೆ ಕಾಯಬೇಕು. ಅವನು ಬಂದ ಮೇಲೂ ಅರ್ಧ ನಿಮಿಷ ಕಣ್ಣಿಟ್ಟಿರಬೇಕು.

ಇದನ್ನೆಲ್ಲ ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಕಳಿಸಿದ ಒಂದು ಸುದ್ದಿ ಒಳಪುಟದಲ್ಲಿ ಆರು ಸಾಲು ಬಂದಿತ್ತು: ಬಂಡೆಯ ಬಳಿ ಮೀನು ಹಿಡಿಯಲು ಮುಳುಗಿದ ಯುವಕನ ಸಾವು. ಶವ ತೆಗೆದವರು ಹೇಳಿದ್ದು ಆ ಆರು ಸಾಲಿನಲ್ಲಿ ಹಿಡಿಯಲಿಲ್ಲ. ಬಾಣ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ಗನ್ ಕಳೆದುಹೋಗಬಾರದೆಂದು ಅದರ ಹಗ್ಗವನ್ನು ಅವನು ಮುಂಗೈಗೆ ಕುಣಿಕೆ ಹಾಕಿಕೊಂಡಿದ್ದ. ಗನ್ ಕಂತಿನ ಸಾಲದ್ದು. ಮನೆಗೆ ಹೋದಾಗ ಅವನ ತಾಯಿ ಗೋಡೆಗೆ ಒರಗಿಸಿಟ್ಟಿದ್ದ ಗನ್ ತೋರಿಸಿ, "ಇದನ್ನ ಅಂಗಡಿಯವ್ರು ವಾಪಸ್ ತಕ್ಕೊಳ್ತಾರಾ?" ಎಂದು ಕೇಳಿದರು.

ನನ್ನ ಅತ್ತೆಯ ಮಗನಿಗೆ ಹೇಳಿದ್ದೂ ಇಷ್ಟೇ. ಸಾಲದ ಗನ್ ಬೇಡ. ನೀರಿನಡಿ ಕೈಬಿಡಬೇಕಾದ ಗಳಿಗೆ ಬಂದಾಗ ಕಂತು ನೆನಪಾಗುತ್ತದೆ. ಉಸಿರು ಹಿಡಿದವನಿಗೆ ಅಷ್ಟು ಲೆಕ್ಕ ಹಾಕಲು ಹೊತ್ತಿಲ್ಲ.

ಕೊನೆಗೆ ಅವನು ಡೈವಿಂಗ್ ಮಾಡುವವರೊಬ್ಬರ ಹಳೆಯ 75 ಸೆಂ.ಮೀ. ಗನ್ನನ್ನು ಕೈಯಲ್ಲಿದ್ದ ದುಡ್ಡಿಗೇ ಕೊಂಡ. ಗನ್ನಿನ ಹಗ್ಗ ಕೈಗಲ್ಲ, ನೀರ ಮೇಲೆ ತೇಲುವ ಕೆಂಪು ಬೋಯ್‌ಗೆ ಕಟ್ಟಿದ್ದಾನೆ. ದೋಣಿಯವರಿಗೂ ಕೆಳಗೆ ಮನುಷ್ಯನಿದ್ದಾನೆ ಎಂದು ತಿಳಿಯುತ್ತದೆ. ಈಗಾಗಲೇ ಒಂದು ಬಾಣ ಹೋಗಿದೆ. "ಅದು ಅಲ್ಲೇ ಇತ್ತು ಭಾವ, ನಾ ಮೇಲೆ ಬಂದೆ" ಎಂದು ನಕ್ಕ. ಮನೆ ನಡೆಯುವುದು ಈಗಲೂ ನೀಲಿಕಲ್ಲಿನಿಂದಲೇ. ವಾರಕ್ಕೆ ಒಂದೆರಡು ಒಳ್ಳೆಯ ಮೀನು ಸಿಕ್ಕರೆ ಅದು ಮೇಲು ಸಂಪಾದನೆ.

ಮೀನಿನ ಪರವಾಗಿಯೂ ಎರಡು ಮಾತು ಹೇಳಬೇಕು. ಬಲೆಗೆ ಮರಿ, ಮೊಟ್ಟೆ ಎಲ್ಲ ಬೀಳುತ್ತದೆ, ತೋಟೆ ಹಾಕಿದರೆ ಇಡೀ ಗುಂಡಿಯೇ ಸಾಯುತ್ತದೆ. ತೋಟೆಯನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಗನ್ ಹಿಡಿದವನು ಮಾತ್ರ ಆರಿಸಿ ಒಂದನ್ನೇ ಹೊಡೆಯಬಲ್ಲ. ಆದರೆ ಎಲ್ಲರೂ ಆರಿಸುವುದು ದೊಡ್ಡದನ್ನೇ. ಮುರು ಜಾತಿಯ ಬಹಳಷ್ಟು ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಬಂಡೆಯ ದೊಡ್ಡ ಮುರುಗಳನ್ನೆಲ್ಲ ಹೊಡೆದರೆ ಅಲ್ಲಿ ಗಂಡೇ ಉಳಿಯುವುದಿಲ್ಲ. ಮುರುಗಳಲ್ಲೇ ಅತಿ ದೊಡ್ಡದಾದ ದೈತ್ಯ ಮುರುವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಗಿದೆ. ಅದನ್ನು ಹೊಡೆದು ಫೋಟೊ ಹಾಕಿದರೆ ಲೈಕ್ ಅಲ್ಲ, ಕೇಸು ಬೀಳುತ್ತದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಗನ್ನಿನಲ್ಲಿ ಹೊಡೆಯುವುದನ್ನು ಇಟಲಿ, ಸ್ಪೇನಿನಂಥ ದೇಶಗಳು ನಿಷೇಧಿಸಿವೆ. ಮನುಷ್ಯನ ಉಸಿರು ಮುಗಿಯುವಷ್ಟು ಹೊತ್ತಾದರೂ ಮೀನಿಗೆ ಅವಕಾಶ ಇರಲಿ ಎಂದೇ.

ಮಳೆಗಾಲದಲ್ಲಂತೂ ನೀರಿಗಿಳಿಯಬೇಡಿ. ಕೊಳ್ಳುವ ಮುಂಚೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ಎಲ್ಲಿ ಹೊಡೆಯಬಹುದು, ಎಲ್ಲಿ ಕೂಡದು ಎಂದು ಕೇಳಿಕೊಳ್ಳಿ. ಹಗ್ಗಕ್ಕೆ ಬಿಳಿ ಮುಚ್ಚಳ ಕಟ್ಟಿ ನಿಮ್ಮೂರ ನೀರನ್ನು ಅಳೆದುಕೊಳ್ಳಿ. ಮೇಲೆ ಕಾಯುವ ಜೊತೆಗಾರ ಯಾರೆಂದು ನಿಶ್ಚಯ ಮಾಡಿಕೊಳ್ಳಿ, ಅವನಿಗೂ ಒಂದು ಮಾಸ್ಕ್ ಕೊಡಿಸಿ. ಇಷ್ಟೂ ಆದ ಮೇಲೆ ಕೈಯಲ್ಲಿ ಎಷ್ಟು ಉಳಿಯಿತೋ ಅಷ್ಟರಲ್ಲಿ ಬರುವ ಗನ್ ಸಾಕು.