ವಾರಕ್ಕೊಂದು ದಿನ ಕಚೇರಿ, ಉಳಿದ ದಿನ ಶಾಲೆ

ಚಿಕಾಗೋ ನಗರದ ವ್ಯಾಪಾರ ಕೇಂದ್ರಕ್ಕೆ ಅಲ್ಲಿಯವರು ಕೊಟ್ಟಿರುವ ಹೆಸರು ‘ಲೂಪ್’. ಕಂಬಗಳ ಮೇಲೆ ಹಾಸಿದ ರೈಲುಹಳಿ ಆ ಭಾಗವನ್ನು ಬಳೆಯಂತೆ ಸುತ್ತಿಕೊಂಡಿದೆ, ಅದಕ್ಕೇ ಆ ಹೆಸರು. ಅಲ್ಲಿಂದ ಪಿಂಕ್ ಲೈನ್ ರೈಲು ಹತ್ತಿ ನೈರುತ್ಯ ದಿಕ್ಕಿಗೆ ಹೊರಟರೆ ಸ್ವಲ್ಪ ಹೊತ್ತಿಗೇ ಬೇರೊಂದು ಊರಿಗೆ ಬಂದಂತೆನಿಸುತ್ತದೆ. ಗಾಜಿನ ಗೋಪುರಗಳು ಹಿಂದಾಗುತ್ತವೆ. ಎರಡು ಮೂರು ಅಂತಸ್ತಿನ ಇಟ್ಟಿಗೆ ಮನೆಗಳು, ಗೋಡೆ ತುಂಬ ಬಣ್ಣದ ಚಿತ್ರಗಳು, ಸ್ಪ್ಯಾನಿಷ್ ಭಾಷೆಯ ಅಂಗಡಿ ಫಲಕಗಳು ಎದುರಾಗುತ್ತವೆ. ಹದಿನೆಂಟನೇ ಬೀದಿಯ ನಿಲ್ದಾಣದ ಮೆಟ್ಟಿಲು, ಗೋಡೆಗಳನ್ನೂ ಚಿತ್ರಕಾರರು ಬಿಟ್ಟಿಲ್ಲ. ಇದು ಪಿಲ್ಸೆನ್ ಬಡಾವಣೆ.

ಹೆಸರು ಮಾತ್ರ ಸ್ಪ್ಯಾನಿಷ್ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ನೆಲೆಸಿದ ಚೆಕ್ ಜನ ತಮ್ಮ ನಾಡಿನ ಪ್ಲ್‌ಜೆನ್ ಪಟ್ಟಣದ ನೆನಪಿಗೆ ಇಟ್ಟುಕೊಂಡ ಹೆಸರು ಅದು. ಮೆಕ್ಸಿಕೋ ಮೂಲದವರು ಹೆಚ್ಚಾಗಿ ಬಂದದ್ದು 1960ರ ದಶಕದಲ್ಲಿ. ಆಗ ಇಲಿನಾಯ್ ವಿಶ್ವವಿದ್ಯಾಲಯದ ಚಿಕಾಗೋ ಆವರಣಕ್ಕಾಗಿ ಪಕ್ಕದ ಬಡಾವಣೆಯ ಮನೆಗಳನ್ನು ಕೆಡವಲಾಯಿತು. ಅಲ್ಲಿದ್ದ ಅನೇಕ ಮೆಕ್ಸಿಕನ್ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಪಿಲ್ಸೆನ್ನಿಗೆ ಬಂದವು. 1965ರಲ್ಲಿ ಆವರಣದ ಬಾಗಿಲು ತೆರೆಯಿತು. ಹೀಗೆ ವಿಶ್ವವಿದ್ಯಾಲಯಕ್ಕಾಗಿ ಮನೆ ಬಿಟ್ಟವರ ಮಕ್ಕಳು ಅದೇ ವಿಶ್ವವಿದ್ಯಾಲಯದೊಳಗೆ ಕಾಲಿಡುವುದು ಮಾತ್ರ ಬಹುಕಾಲ ಸುಲಭವಾಗಲಿಲ್ಲ.

ಹದಿನೆಂಟನೇ ಬೀದಿಯ ನಂತರದ ನಿಲ್ದಾಣ ಡೇಮೆನ್. ಅಲ್ಲಿ ಇಳಿದು ನಾಲ್ಕಾರು ಬೀದಿ ನಡೆದರೆ ಕ್ರಿಸ್ಟೊ ರೇ ಜೆಸ್ವಿಟ್ ಹೈಸ್ಕೂಲ್ ಸಿಗುತ್ತದೆ. ಕ್ರಿಸ್ಟೊ ರೇ ಎಂದರೆ ಕ್ರಿಸ್ತರಾಜ. ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ. ನಮ್ಮ ಪಿಯುಸಿಯೂ ಅದರೊಳಗೇ ಸೇರಿತು ಎನ್ನಿ. ಇದು ‘ಕಾಲೇಜ್ ಪ್ರಿಪರೇಟರಿ’ ಶಾಲೆ. ಅಂದರೆ ಇಲ್ಲಿಗೆ ಬಂದ ಪ್ರತಿ ಮಗುವೂ ಮುಂದೆ ಪದವಿ ಕಾಲೇಜು ಸೇರಬೇಕು ಎಂಬ ಲೆಕ್ಕದಲ್ಲೇ ಪಾಠ, ಪರೀಕ್ಷೆ, ಸಲಹೆ ಎಲ್ಲವೂ ನಡೆಯುತ್ತವೆ. ನಡೆಸುವವರು ಜೆಸ್ವಿಟ್ ಪಾದ್ರಿಗಳು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದ್ದೂ ಇದೇ ಸಂಘದವರು.

ಚಿಕಾಗೋದಲ್ಲೂ ಜೆಸ್ವಿಟರು ಹೊಸಬರೇನಲ್ಲ. ರೂಸ್‌ವೆಲ್ಟ್ ರಸ್ತೆಯಲ್ಲಿ ಅವರ ಹಳೆಯ ಶಾಲೆ ಸೇಂಟ್ ಇಗ್ನೇಷಿಯಸ್ ಇದೆ. 1870ರಲ್ಲಿ ಶುರುವಾದ ಅದು ಮರುವರ್ಷವೇ ಊರನ್ನು ಸುಟ್ಟ ಮಹಾ ಅಗ್ನಿಯಿಂದ ಪಾರಾಗಿ ಉಳಿಯಿತು. ಅದನ್ನು ಸ್ಥಾಪಿಸಿದ ಪಾದ್ರಿ ಆರ್ನಲ್ಡ್ ಡೇಮೆನ್. ರೈಲು ನಿಲ್ದಾಣಕ್ಕೂ ಅದು ನಿಂತಿರುವ ರಸ್ತೆಗೂ ಇರುವುದು ಅವರದೇ ಹೆಸರು! ಆದರೆ ಹೆಸರು ಹತ್ತಿರವಾದ ಮಾತ್ರಕ್ಕೆ ಶಾಲೆ ಹತ್ತಿರವಾದೀತೇ? ಆ ಶಾಲೆಯ ಶುಲ್ಕ ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ಪಿಲ್ಸೆನ್ನಿನ ತಂದೆತಾಯಿಗೆ ನಿಲುಕುವಂಥದ್ದಲ್ಲ. ಕೆಲವರಿಗೆ ವಿದ್ಯಾರ್ಥಿವೇತನ ಸಿಕ್ಕರೂ ಇಡೀ ಬಡಾವಣೆಗೆ ಅದು ಉತ್ತರವಾಗಲಾರದು. ಇತ್ತ ಹೈಸ್ಕೂಲನ್ನು ಅರ್ಧಕ್ಕೇ ಬಿಡುವ ಹುಡುಗರ ಸಂಖ್ಯೆ ದೊಡ್ಡದಿತ್ತು. ಬೀದಿ ಗುಂಪುಗಳ ಹಾವಳಿಯೂ ಇತ್ತು.

1990ರ ದಶಕದ ಮೊದಲರ್ಧದಲ್ಲಿ ಜೆಸ್ವಿಟರು ಬಡಾವಣೆಯ ಜನರನ್ನೇ ಕೇಳಿದರು: ನಿಮಗೆ ಏನು ಬೇಕು? ಜನ ಕೇಳಿದ್ದು ಹುಡುಗ ಹುಡುಗಿಯರಿಬ್ಬರಿಗೂ ಒಂದು ಒಳ್ಳೆಯ ಹೈಸ್ಕೂಲು. ಕಾಲೇಜಿಗೆ ಅಣಿಗೊಳಿಸುವಂಥದ್ದು. ಜೊತೆಗೆ ಇನ್ನೊಂದು ಷರತ್ತು: ಅಲ್ಲಿ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್ ಕೂಡ ಕಲಿಕೆಯ ಭಾಷೆಯಾಗಿರಬೇಕು. ಮಾಧ್ಯಮದ ಪ್ರಶ್ನೆ ಬಂದಾಗಲೆಲ್ಲ ‘ಇದೋ, ಅದೋ’ ಎಂದು ಜಗ್ಗಾಡುವ ಪಾಲಕರು ಈ ಮಾತನ್ನು ಗಮನಿಸಬೇಕು. ಇಂಗ್ಲಿಷ್ ನಾಡಿಗೆ ವಲಸೆ ಬಂದ ಕೂಲಿಯವರು, ಮನೆಮಾತನ್ನು ಮಕ್ಕಳ ಶಾಲೆಯ ಬಾಗಿಲಲ್ಲಿ ಕಳಚಿಡಲು ಒಪ್ಪಲಿಲ್ಲ.

ಶಾಲೆ ಬೇಕು, ಸರಿ. ಹಣ? ಶಾಲೆಯ ಮೊದಲ ಅಧ್ಯಕ್ಷರಾದ ಪಾದ್ರಿ ಜಾನ್ ಫೋಲಿ ಪೆರು ದೇಶದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಶಾಲೆಗಳ ಕೆಲಸ ಮಾಡಿ ಬಂದವರು. ದಾನಿಗಳನ್ನು ಎಷ್ಟೆಂದು ಕಾಡುವುದು? ಆಗ ರಿಚರ್ಡ್ ಮರ್ರೆ ಎಂಬ ಸಲಹೆಗಾರರು ಒಂದು ಉಪಾಯ ಮುಂದಿಟ್ಟರು. ಊರಿನ ಕಂಪನಿಗಳಲ್ಲಿ ಕಡತ ಜೋಡಿಸುವ, ಟಪಾಲು ವಿಂಗಡಿಸುವ ಸಣ್ಣ ಕೆಲಸಗಳು ಇದ್ದೇ ಇರುತ್ತವೆ. ಅಂಥ ಒಂದು ಪೂರ್ಣಾವಧಿ ಕೆಲಸವನ್ನು ನಾಲ್ವರು ವಿದ್ಯಾರ್ಥಿಗಳು ಹಂಚಿಕೊಂಡು ಮಾಡಲಿ. ಸಂಬಳ ಶಾಲೆಗೆ ಬರಲಿ, ಅದೇ ಅವರ ಶುಲ್ಕವಾಗಲಿ!

ಕೇಳಿದವರಿಗೆ ಇದು ಹುಚ್ಚೆನಿಸಿದ್ದರೆ ಆಶ್ಚರ್ಯವಿಲ್ಲ. ಹದಿನಾಲ್ಕರ ಮಕ್ಕಳನ್ನು ವಕೀಲರ ಕಚೇರಿಗೆ, ಬ್ಯಾಂಕಿಗೆ ಕಳುಹಿಸುವುದೆಂದರೇನು? ಆದರೂ 1996ರಲ್ಲಿ ಹಳೆಯ ಪ್ಯಾರಿಷ್ ಶಾಲೆಯೊಂದರ ಕಟ್ಟಡದಲ್ಲಿ ಕ್ರಿಸ್ಟೊ ರೇ ಆರಂಭವಾಗಿಯೇಬಿಟ್ಟಿತು.

ಲೆಕ್ಕ ಸರಳ. ಒಂದು ಮೇಜು, ನಾಲ್ವರು ಮಕ್ಕಳು. ಮಂಗಳವಾರ ಒಬ್ಬ, ಬುಧವಾರ ಮತ್ತೊಬ್ಬಳು, ಗುರುವಾರ, ಶುಕ್ರವಾರ ಹೀಗೆಯೇ. ಉಳಿದ ಸೋಮವಾರ ನಾಲ್ವರಿಗೂ ಸರದಿಯ ಮೇಲೆ. ಅಂದರೆ ಒಬ್ಬರಿಗೆ ತಿಂಗಳಿಗೆ ಐದು ದಿನ ಕಚೇರಿ. ಮಕ್ಕಳು ಹೊರಗಿರುವ ದಿನ ಪಾಠ ತಪ್ಪದಂತೆ ವೇಳಾಪಟ್ಟಿ ಹೊಂದಿಸುತ್ತಾರೆ. ಕಳೆದ ಹೊತ್ತನ್ನು ತುಂಬಿಕೊಳ್ಳಲು ಶಾಲೆಯ ದಿನವನ್ನೂ ವರ್ಷವನ್ನೂ ಕೊಂಚ ಉದ್ದ ಮಾಡಿದ್ದಾರೆ. ಖರ್ಚಿನ ದೊಡ್ಡ ಪಾಲು ಈ ದುಡಿಮೆಯಿಂದ ಬರುತ್ತದೆ. ಕುಟುಂಬ ತನ್ನ ಶಕ್ತಿಯಷ್ಟು ಕೊಡುತ್ತದೆ, ಉಳಿದದ್ದಕ್ಕೆ ದಾನಿಗಳು. ನಮ್ಮ ಹಿರಿಯರ ಕಾಲದ ವಾರಾನ್ನ ನೆನಪಾದೀತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರ ಕಥೆ ಅದು. ಆದರೆ ಅಲ್ಲಿ ಉಣ್ಣುವವನು ಹಂಗಿನವನು, ಇಲ್ಲಿ ಮಗು ಸಂಬಳ ಪಡೆಯುವ ನೌಕರ. ವ್ಯತ್ಯಾಸ ಸಣ್ಣದಲ್ಲ.

ಹೊಸ ಮಕ್ಕಳಿಗೆ ಮೊದಲ ಪಾಠ ಗಣಿತವೂ ಅಲ್ಲ, ಬೈಬಲ್ಲೂ ಅಲ್ಲ. ಬೇಸಿಗೆ ರಜೆ ಮುಗಿಯುವ ಮುಂಚೆಯೇ ಅವರನ್ನು ಕರೆಸಿ ಕಚೇರಿಯ ರೀತಿನೀತಿ ಕಲಿಸುತ್ತಾರೆ. ಎದುರಿನವರ ಕಣ್ಣು ನೋಡಿ ಮಾತಾಡುವುದು, ಗಟ್ಟಿಯಾಗಿ ಕೈ ಕುಲುಕುವುದು, ಫೋನು ಎತ್ತಿದಾಗ ಏನು ಹೇಳಬೇಕು, ಅರ್ಥವಾಗದಿದ್ದರೆ ಹೇಗೆ ಕೇಳಬೇಕು, ಕಂಪ್ಯೂಟರಿನಲ್ಲಿ ಅಂಕಿ ಅಂಶ ಹೇಗೆ ತುಂಬಬೇಕು. ಹಿರಿಯರ ಮುಂದೆ ತಲೆ ತಗ್ಗಿಸುವುದೇ ಮರ್ಯಾದೆ ಎಂದು ಮನೆಯಲ್ಲಿ ಕಲಿತ ಮಗುವಿಗೆ ತಲೆಯೆತ್ತಿ ನೋಡುವುದೂ ಒಂದು ಅಭ್ಯಾಸವೇ.

ಕೆಲಸದ ದಿನ ಹುಡುಗರಿಗೆ ಟೈ ಕಡ್ಡಾಯ. ಹುಡುಗಿಯರಿಗೂ ಕಚೇರಿಗೆ ತಕ್ಕ ಉಡುಪು. ಚಿಕಾಗೋದ ಜನವರಿಯಲ್ಲಿ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಚಳಿ ಅಪರೂಪವಲ್ಲ. ದಪ್ಪ ಕೋಟು, ಉಣ್ಣೆ ಟೋಪಿಯ ಒಳಗೆ ಈ ಟೈ. ಬೆಳಿಗ್ಗೆ ಮೊದಲು ಶಾಲೆಗೆ ಬಂದು, ಅಲ್ಲಿಂದ ಗುಂಪಾಗಿ ಕಚೇರಿಗಳತ್ತ ಹೊರಡುತ್ತಾರೆ. ಮೈಲಿಗಳಾಚೆ ನಿಂತ ಗೋಪುರಗಳನ್ನು ಹುಟ್ಟಿದಾಗಿನಿಂದ ದೂರದಿಂದಲೇ ನೋಡಿದ ಮಕ್ಕಳು, ಅವುಗಳ ಲಿಫ್ಟಿನಲ್ಲಿ ಮೊದಲ ಸಲ ಮೇಲೇರುವುದು ಪ್ರವಾಸಿಯಾಗಿ ಅಲ್ಲ, ಗುರುತಿನ ಚೀಟಿ ಧರಿಸಿದ ನೌಕರರಾಗಿ. ಶಾಲೆಗೆ ದಕ್ಕುವ ಹಣಕ್ಕಿಂತ ಮಗುವಿಗೆ ದಕ್ಕುವ ಈ ಪ್ರವೇಶವೇ ದೊಡ್ಡದು ಎನಿಸುತ್ತದೆ. ಅಪ್ಪ ಅಮ್ಮನ ಪರಿಚಯದವರಲ್ಲಿ ಒಬ್ಬ ವಕೀಲನೂ ಇಲ್ಲದ ಹುಡುಗಿಗೆ, ವಕೀಲಳೊಬ್ಬಳು ಹೆಸರು ಹಿಡಿದು ಮಾತಾಡಿಸುವುದು ಪುಸ್ತಕದಿಂದ ಸಿಗುವ ಪಾಠವಲ್ಲ.

ಇದು ಬಾಲಕಾರ್ಮಿಕ ಪದ್ಧತಿಯಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಕಾನೂನಿನಲ್ಲಿ ಹದಿನಾಲ್ಕು, ಹದಿನೈದು ವಯಸ್ಸಿನವರು ಶಾಲೆಯ ವೇಳೆಯಲ್ಲಿ ಕೆಲಸ ಮಾಡುವಂತಿಲ್ಲ. 2010ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಇಂಥ ಕಾಲೇಜು ಸಿದ್ಧತೆಯ ಶಾಲೆಗಳಿಗಾಗಿ ನಿಯಮ ತಿದ್ದಿತು. ಮೂರು ವಾರ ವಾರಕ್ಕೊಂದು ದಿನದಂತೆ, ನಾಲ್ಕನೇ ವಾರ ಎರಡು ದಿನ, ಶಾಲೆಯ ಉಸ್ತುವಾರಿ ಕಡ್ಡಾಯ: ಮಿತಿ ಇಷ್ಟೇ.

ಕಾನೂನು ಒಪ್ಪಿದರೂ ಭಾರ ಮಕ್ಕಳ ಹೆಗಲ ಮೇಲೇ ಇದೆ. ಕಚೇರಿಯಿಂದ ದಣಿದು ಬಂದ ಸಂಜೆಯೂ ಮನೆಪಾಠ ಕಾದಿರುತ್ತದೆ. ಕೆಲಸ ಸರಿಯಾಗಿ ಮಾಡದಿದ್ದರೆ ಕಂಪನಿ ಬೇಡವೆನ್ನಬಹುದು. ಆಗ ಮತ್ತೆ ತರಬೇತಿ, ಮತ್ತೊಂದು ಕೆಲಸ. ಮೇಲಿಂದ ಮೇಲೆ ಹಾಗಾದರೆ ಶಾಲೆಯ ಜಾಗವೇ ಕೈತಪ್ಪಬಹುದು. ಗಣಿತದಲ್ಲಿ ನಪಾಸಾದವನಿಗೆ ಮರುಪರೀಕ್ಷೆ ಉಂಟು, ಆದರೆ ಕೆಲಸ ಕಳೆದುಕೊಂಡವನ ಮುಂದಿರುವುದು ಅದಕ್ಕಿಂತ ಕಠಿಣವಾದ ಮಾತು. ಒಂಬತ್ತನೇ ತರಗತಿಗೆ ಸೇರಿದವರೆಲ್ಲ ಹನ್ನೆರಡನ್ನು ಇಲ್ಲಿಯೇ ಮುಗಿಸುವುದಿಲ್ಲ. ಪದವಿಗೆ ಹೋದವರ ಎಣಿಕೆಯನ್ನು ಹೇಳುವಾಗ ನಡುವೆ ಬಿಟ್ಟುಹೋದವರನ್ನೂ ಎಣಿಸಬೇಕೆಂದು ಟೀಕಾಕಾರರು ಹೇಳುವುದು ನ್ಯಾಯವೇ.

ಆದರೂ ಮಾದರಿ ಹಬ್ಬಿತು. 2001ರಲ್ಲಿ ಪೋರ್ಟ್‌ಲೆಂಡಿನಲ್ಲಿ, ಮರುವರ್ಷ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಲ್ಲಿ, ಹೀಗೆ ಊರಿಂದೂರಿಗೆ ಬೆಳೆದು ಈಗ ಸುಮಾರು ನಲವತ್ತು ಶಾಲೆಗಳ ಜಾಲವಾಗಿದೆ. ಇಲ್ಲಿ ಸೀಟು ಸಿಗಬೇಕಾದರೆ ಮನೆಯ ವರಮಾನ ಕಡಿಮೆ ಇರಬೇಕು. ಹಣವಂತರ ಮಕ್ಕಳಿಗೆ ಪ್ರವೇಶವಿಲ್ಲ! 2008ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಫೋಲಿಯವರಿಗೆ ಪ್ರೆಸಿಡೆನ್ಷಿಯಲ್ ಸಿಟಿಜನ್ಸ್ ಪದಕ ನೀಡಿದರು. ಎಲ್ಲವೂ ಗೆಲುವಲ್ಲ. ಒಮಾಹಾದ ಶಾಲೆ ನಾಲ್ಕೇ ವರ್ಷ ನಡೆದು 2011ರಲ್ಲಿ ಮುಚ್ಚಿತು. ಕಚೇರಿಗಳನ್ನೇ ನಂಬಿದ ಶಾಲೆಗೆ ಕಚೇರಿಗಳೇ ಬಾಗಿಲು ಹಾಕಿದರೆ? 2020ರ ಕೊರೋನಾ ಕಾಲದಲ್ಲಿ ಆದದ್ದು ಅದೇ.

ಪಿಲ್ಸೆನ್ ಕೂಡ ಈಗ ಹಳೆಯ ಪಿಲ್ಸೆನ್ ಅಲ್ಲ. ಲೂಪಿಗೆ ಹತ್ತಿರವೆಂದು ಉಳ್ಳವರು ಬಂದು ನೆಲೆಸತೊಡಗಿ, ಬಾಡಿಗೆ ಏರಿ, 2000ದ ನಂತರ ಸಾವಿರಾರು ಮೆಕ್ಸಿಕನ್ ಮೂಲದವರು ಬಡಾವಣೆ ತೊರೆದರು. ಒಮ್ಮೆ ವಿಶ್ವವಿದ್ಯಾಲಯಕ್ಕಾಗಿ ಜಾಗ ಬಿಟ್ಟವರು, ಈಗ ಬಾಡಿಗೆಗಾಗಿ. ಶಾಲೆ ಮಾತ್ರ ಇಪ್ಪತ್ತೆರಡನೇ ಪ್ಲೇಸ್‌ನ ಬದಿಯಲ್ಲೇ ಇದೆ. ಮನೆ ದೂರವಾದ ಮಕ್ಕಳು ಬೆಳಿಗ್ಗೆ ಇನ್ನಷ್ಟು ಬೇಗ ಎದ್ದು, ಎರಡು ಬಸ್ಸು ಬದಲಿಸಿಯಾದರೂ ಇಲ್ಲಿಗೇ ಬರಬೇಕು. ಕಚೇರಿಯ ಸರದಿ ಇದ್ದ ದಿನವಂತೂ ತಡವಾಗುವಂತೆಯೇ ಇಲ್ಲ.