ಕಡತ ಕಲಿಸಿದ ಪಾಠ

ಪೂಜ್ಯ ಶ್ರೀಗಳವರ ಅಪ್ಪಣೆಯಂತೆ ಈ ಸ್ಮರಣ ಸಂಚಿಕೆಯ ಲೇಖನಗಳನ್ನು ಕೂಡಿಸಿ ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿತು. ಮೂರು ದಶಕಗಳ ಕಾಲ ಈ ವಿದ್ಯಾಲಯದ ಅನ್ನವನ್ನುಂಡ ನಾನು ಅದನ್ನು ಭಾಗ್ಯವೆಂದೇ ತಲೆಯ ಮೇಲೆ ಹೊತ್ತೆನು. ಆದರೆ ಆ ಕಾರ್ಯದಲ್ಲಿ ನನ್ನಿಂದ ಒಂದು ಅಪಚಾರ ನಡೆದುಹೋಯಿತು. ಅದನ್ನು ಮುಚ್ಚಿಟ್ಟು ಸಂಚಿಕೆಯನ್ನು ತಮ್ಮ ಕೈಯಲ್ಲಿಡಲು ಮನಸ್ಸು ಒಡಂಬಡದು. ಸಹೃದಯರಾದ ವಾಚಕರು ಈ ನಾಲ್ಕು ಮಾತುಗಳನ್ನು ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥಿಸುತ್ತೇನೆ.

ನಾನು ಹಳೆಯ ಕ್ರಮದಲ್ಲಿ ವಿದ್ವತ್ ಪರೀಕ್ಷೆಗೆ ಓದಿದವನು. ಕೇಶಿರಾಜನ ಸೂತ್ರಗಳನ್ನು ಕಂಠಪಾಠ ಮಾಡಿಸಿದ ನಮ್ಮ ಗುರುಗಳು, ಅದರ ಜೊತೆಗೆ ಪಾಠಾಂತರಗಳನ್ನು ನೋಡುವ ಶಿಸ್ತನ್ನೂ ಕಲಿಸಿದರು. ಕಿಟ್ಟೆಲರು ೧೮೭೨ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಶಬ್ದಮಣಿದರ್ಪಣವನ್ನು ಮುಂದಿಟ್ಟುಕೊಂಡು, ಮುದ್ರಿತವಾದ ಒಂದು ಪಾಠದ ಹಿಂದೆ ಎಷ್ಟು ಓಲೆಗರಿಯ ಪ್ರತಿಗಳಿರುತ್ತವೆ, ಒಬ್ಬ ಲಿಪಿಕಾರನ ಅಜಾಗ್ರತೆಯಿಂದ ಕವಿಯ ಮಾತು ಹೇಗೆ ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತಿದ್ದರು. ಅದೇ ಮಾತನ್ನು ನಾನು ಮಕ್ಕಳಿಗೆ ಹೇಳುತ್ತ ಬಂದೆ. ಲಿಪಿಕಾರರ ಪ್ರಮಾದಗಳನ್ನು ಎಣಿಸಿ ತೋರಿಸುವಾಗ ನನ್ನ ದನಿಯಲ್ಲಿ ಒಂದಿಷ್ಟು ಗರ್ವವೂ ಇರುತ್ತಿತ್ತೆಂದು ಈಗ ತೋರುತ್ತದೆ.

ದಾನಿಗಳ ಔದಾರ್ಯದಿಂದ ನಮ್ಮ ಶಾಲೆಗೆ ಗಣಕಯಂತ್ರಗಳು ಬಂದವು. ಅವುಗಳಲ್ಲಿ ಲಿಬ್ರೆ ಆಫೀಸ್ ಎಂಬ ತಂತ್ರಾಂಶವನ್ನು ಅಳವಡಿಸಲಾಯಿತು. ೨೦೧೦ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಬೆಳೆದ ಈ ತಂತ್ರಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲವಾದ ಕಾರಣ ಅದು ನಮ್ಮಂತಹ ಶಾಲೆಗಳಿಗೆ ಒದಗಿಬಂದಿದೆ. ನಮ್ಮಲ್ಲಿ ಗಣಕ ವಿಷಯವನ್ನು ಬೋಧಿಸುವ ಅಧ್ಯಾಪಕಿ ನನ್ನ ಹಳೆಯ ವಿದ್ಯಾರ್ಥಿನಿ. ಒಂದು ಕಾಲಕ್ಕೆ ನನ್ನಿಂದ ಹಳಗನ್ನಡ ಕಲಿತ ಆಕೆಯೇ ನನಗೆ ಕೀಲಿಮಣೆಯ ಅಕ್ಷರಾಭ್ಯಾಸ ಮಾಡಿಸಿದಳು. ಐವತ್ತು ದಾಟಿದ ಮೇಲೆ ಮತ್ತೊಮ್ಮೆ ತಿದ್ದುವ ಮಗುವಾದ ಆ ದಿನಗಳು ಸುಖದ ದಿನಗಳೇ ಆಗಿದ್ದವು.

ಲೇಖನಗಳು ನಾನಾ ರೂಪದಲ್ಲಿ ಬರತೊಡಗಿದವು. ಕೆಲವರು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿ ಕಳಿಸಿದರು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು; ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಗಿತ್ತು. ಕೆಲವರು ಕೈಬರಹದ ಚಿತ್ರ ತೆಗೆದು ಮೊಬೈಲಿನಲ್ಲಿ ಕಳಿಸಿದರು. ಅವನ್ನೆಲ್ಲ ನಾನು ಒಂದೇ ಫೋಲ್ಡರಿನಲ್ಲಿ ತುಂಬಿದೆ. ತಿದ್ದಿದ ಪ್ರತಿಗೆ ‘ಅಂತಿಮ’ ಎಂದು ಹೆಸರಿಟ್ಟೆ. ಮತ್ತೆ ತಿದ್ದಬೇಕಾದಾಗ ‘ಅಂತಿಮ ಎರಡು’ ಹುಟ್ಟಿತು. ಅದರ ಬೆನ್ನಿಗೆ ‘ನಿಜವಾದ ಅಂತಿಮ’ ಬಂದಿತು. ಆದಿಯೇ ಗೊತ್ತಿಲ್ಲದ ಮೇಲೆ ಅಂತ್ಯವೆಲ್ಲಿಯದು?

ಹೀಗಿರಲು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮ ನೆನಪುಗಳನ್ನು ಬರೆದು ಕೊಟ್ಟರು. ಎಂಬತ್ತು ದಾಟಿದ ಆ ಹಿರಿಯರ ಕೈಕೆಳಗೆ ನಾನು ಕೆಲಸಕ್ಕೆ ಸೇರಿದವನು. ಅವರ ಲೇಖನದಲ್ಲಿ ಹಿಂದಿನ ಕಾಲದ ಶಿಸ್ತಿಗೆ ನಿದರ್ಶನವಾಗಿ ಒಂದು ಪ್ರಸಂಗವಿದ್ದಿತು. ಸುಮಾರು ಐವತ್ತು ವರ್ಷಗಳ ಹಿಂದೆ ಗ್ರಂಥಾಲಯದ ನಿಘಂಟು ಕಾಣೆಯಾಯಿತು. ಉಚಿತ ಪ್ರಸಾದ ನಿಲಯದ ಬಡ ಹುಡುಗನೊಬ್ಬನು ಕದ್ದನೆಂದು ತಿಳಿದುಬಂದಿತು. ಅವನಿಗೆ ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರೆದುರು ಛಡಿಯೇಟು ಕೊಟ್ಟು ಊರಿಗೆ ಕಳಿಸಲಾಯಿತು. ಇಷ್ಟು ಬರೆದಿದ್ದರು. ನಾನು ಅದನ್ನು ಹಾಗೆಯೇ ಬೆರಳಚ್ಚು ಮಾಡಿದೆ.

ಮರುವಾರ ಆ ಹಿರಿಯರು ಕೋಲೂರಿಕೊಂಡು ನನ್ನ ಕೊಠಡಿಗೆ ಬಂದರು. “ಪಂಡಿತರೇ, ಆ ಹುಡುಗನ ವಿಷಯ ತಿದ್ದಬೇಕು. ನಾನು ಹೇಳುತ್ತೇನೆ, ನೀವು ಬರೆದುಕೊಳ್ಳಿ” ಎಂದರು. ನಾನು ಕಡತವನ್ನು ತೆರೆದೆ. ಆ ಮೇಲಣ ವರ್ಷದ ಬೇಸಿಗೆಯಲ್ಲಿ ಸುಣ್ಣ ಬಳಿಸಲು ಬೀರುಗಳನ್ನು ಸರಿಸಿದಾಗ ಗೋಡೆಗೂ ಬೀರುವಿಗೂ ನಡುವೆ ಆ ನಿಘಂಟು ಬಿದ್ದಿತ್ತಂತೆ. ಅವರು ಅದನ್ನು ಒರೆಸಿ ಸದ್ದಿಲ್ಲದೆ ಸ್ವಸ್ಥಾನದಲ್ಲಿಟ್ಟರಂತೆ. ಯಾರಿಗೂ ಹೇಳಲಿಲ್ಲ; ಹುಡುಗನನ್ನು ಕರೆಸಲೂ ಇಲ್ಲ. ಇದನ್ನು ತಡೆತಡೆದು, ಒಂದೊಂದು ಮಾತನ್ನೂ ತೂಗಿ ಹೇಳಿದರು. ಎರಡು ಗಂಟೆ ಹಿಡಿಯಿತು. ಎದ್ದು ಹೊರಡುವಾಗ, “ಇದು ಅಚ್ಚಾಗಬೇಕು, ಪಂಡಿತರೇ. ಅವನು ಎಲ್ಲಿಯಾದರೂ ಓದಿಯಾನು” ಎಂದರು. ನಾನು ಕಡತವನ್ನು ಸೇವ್ ಮಾಡಿ ಮುಚ್ಚಿದೆ. ಅವರ ಮಾತು ಭದ್ರವಾಯಿತೆಂದು ನಂಬಿದೆ.

ಅವರು ಬರುವುದಕ್ಕೆ ಎರಡು ದಿನ ಮೊದಲು ಇಡೀ ಫೋಲ್ಡರಿನ ನಕಲೊಂದನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದಿದ್ದೆ. ರಾತ್ರಿ ಕುಳಿತು ಬೇರೆ ಲೇಖನಗಳನ್ನು ಅದರಲ್ಲಿ ತಿದ್ದಿದ್ದೆ. ವಾರ ಕಳೆದ ಮೇಲೆ ಅದನ್ನು ಶಾಲೆಯ ಯಂತ್ರಕ್ಕೆ ಮರಳಿ ನಕಲಿಸಹೊರಟಾಗ, ಇದೇ ಹೆಸರಿನ ಕಡತಗಳು ಇಲ್ಲಿ ಇವೆಯಲ್ಲ, ಬದಲಿಸಲೇ ಎಂದು ಯಂತ್ರವು ಕೇಳಿತು. ನನ್ನ ತಿದ್ದುಪಡಿಗಳು ಸೇರಬೇಕಾಗಿತ್ತಷ್ಟೆ. ಎಲ್ಲವನ್ನೂ ಬದಲಿಸೆಂದು ಒತ್ತಿದೆ. ಯಂತ್ರವು ಕೇಳಬೇಕಾದುದನ್ನು ಕೇಳಿತ್ತು. ಉತ್ತರ ಕೊಟ್ಟವನು ನಾನು.

ಮೂರು ವಾರಗಳ ತರುವಾಯ ಆ ಹಿರಿಯರು ಲಿಂಗೈಕ್ಯರಾದರು. ಕ್ರಿಯಾಸಮಾಧಿಗೆ ಹೋಗಿ ಬಂದು ಅವರ ಲೇಖನದ ಕರಡು ತಿದ್ದಲು ಕುಳಿತೆ. ಹುಡುಗನು ಆ ಪುಟದಲ್ಲಿ ಇನ್ನೂ ಕಳ್ಳನಾಗಿಯೇ ಇದ್ದನು. ಕಡತವನ್ನು ತೆರೆದು ನೋಡಿದೆ, ಅದರಲ್ಲಿಯೂ ಹಾಗೆಯೇ ಇತ್ತು. ಫೈಲ್ ಪಟ್ಟಿಯಲ್ಲಿ ಪ್ರಾಪರ್ಟೀಸ್ ಎಂಬಲ್ಲಿ ಕಡತದ ಜಾತಕವಿರುತ್ತದೆ. ಕೊನೆಯ ತಿದ್ದುಪಡಿಯ ದಿನಾಂಕವು ಅವರು ನನ್ನ ಬಳಿ ಬಂದ ದಿನಕ್ಕಿಂತ ಹಿಂದಿನದಾಗಿತ್ತು. ಎದೆ ಧಸಕ್ಕೆಂದಿತು.

ಅಧ್ಯಾಪಕಿಯು ಒಂದು ದಿನವೆಲ್ಲ ಹುಡುಕಿದಳು. ಕಸದ ಬುಟ್ಟಿಯಲ್ಲಿ ಇರಲಿಲ್ಲ. ಅಳಿಸಿದ ಕಡತವು ಅಲ್ಲಿಗೆ ಹೋಗುವುದೇ ಹೊರತು ಮೇಲೆ ಬೇರೊಂದನ್ನು ಹೇರಿದ ಕಡತವು ಹೋಗುವುದಿಲ್ಲ. ವಿದ್ಯುತ್ತು ಹೋದಾಗ ಕಾಪಾಡಲೆಂದು ತಂತ್ರಾಂಶವು ಆಗಾಗ ತೆಗೆದಿಡುವ ಪ್ರತಿಯೂ ಉಳಿದಿರಲಿಲ್ಲ. ಕಡತವನ್ನು ಕ್ರಮವಾಗಿ ಮುಚ್ಚಿದೊಡನೆ ಅದು ಇಲ್ಲವಾಗುತ್ತದೆ. ಪ್ರತಿ ಸಲ ಸೇವ್ ಮಾಡುವಾಗ ಹಿಂದಿನ ಪ್ರತಿಯನ್ನು ಬೇರೆಡೆ ಕಾದಿಡುವ ಒಂದು ಸೌಕರ್ಯ ಆ ತಂತ್ರಾಂಶದಲ್ಲಿದೆ. ಅದನ್ನು ನಾವು ಚಾಲನೆ ಮಾಡಿರಲಿಲ್ಲ. “ಗುರುಗಳೇ, ಅಳಿಸಿದ್ದನ್ನು ಎಷ್ಟೋ ಸಲ ಹುಡುಕಿ ತೆಗೆಯಬಹುದು. ಮೇಲೆ ಬರೆದುಬಿಟ್ಟರೆ ಕಷ್ಟ” ಎಂದು ಆಕೆ ತಲೆ ತಗ್ಗಿಸಿದಳು.

ಆ ರಾತ್ರಿ ‘ಕಡತ’ ಎಂಬ ಶಬ್ದವೇ ನನ್ನನ್ನು ಕಾಡಿತು. ಹಿಂದಿನವರ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ ಕಪ್ಪು ಪುಸ್ತಕ. ವರ್ತಕರೂ ಮಠಗಳವರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಿಂದೆ ಏನಿತ್ತೆಂಬುದರ ಗುರುತು ಉಳಿಯುತ್ತಿರಲಿಲ್ಲ. ಓಲೆಗರಿಯ ರೀತಿ ಬೇರೆ. ಕಂಠದಿಂದ ಕೊರೆದ ಅಕ್ಷರವನ್ನು ಹೊಡೆದುಹಾಕಬಹುದು, ಇಲ್ಲವೆನಿಸಲಾಗದು. ಓಲೆಯನ್ನು ನಂಬಿದ ಹಾಗೆ ನಾನು ಕಡತವನ್ನು ನಂಬಿದೆ. ಲಿಪಿಕಾರರಲ್ಲಿ ಅನೇಕರು ಗ್ರಂಥದ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದು, ತಮ್ಮ ತಪ್ಪುಗಳನ್ನು ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡುತ್ತಿದ್ದರು. ನಾನು ದಿನಾಂಕವನ್ನೂ ಬರೆಯಲಿಲ್ಲ, ತಪ್ಪಾದೀತೆಂಬ ಭಯವನ್ನೂ ಇಟ್ಟುಕೊಳ್ಳಲಿಲ್ಲ.

ಅಂದಿನಿಂದ ನಮ್ಮ ಕ್ರಮ ಬದಲಾಗಿದೆ. ಲೇಖಕರಿಂದ ಬಂದ ಪ್ರತಿಯನ್ನು ‘ಮೂಲ’ ಎಂಬ ಫೋಲ್ಡರಿನಲ್ಲಿಟ್ಟು ಮತ್ತೆ ಮುಟ್ಟುವುದಿಲ್ಲ, ತಿದ್ದುವುದೆಲ್ಲ ನಕಲಿನಲ್ಲಿ. ‘ಅಂತಿಮ’ ಎಂಬ ಹೆಸರಿಗೆ ಬಹಿಷ್ಕಾರ ಹಾಕಿದ್ದೇವೆ. ಕಡತದ ಹೆಸರಿನ ಮೊದಲಲ್ಲಿ ವರ್ಷ, ಬಳಿಕ ತಿಂಗಳು, ಬಳಿಕ ದಿನ; ಹೀಗೆ ಬರೆದರೆ ಯಂತ್ರವು ಹೆಸರುಗಳನ್ನು ಜೋಡಿಸಿದಾಗ ಕಾಲಕ್ರಮ ತಾನಾಗಿ ನಿಲ್ಲುತ್ತದೆ. ದಿನವನ್ನು ಮುಂದಿಟ್ಟರೆ ಬೇರೆ ಬೇರೆ ತಿಂಗಳುಗಳ ಒಂದನೆಯ ತಾರೀಖುಗಳೆಲ್ಲ ಒಂದೆಡೆ ಗುಂಪುಗೂಡುತ್ತವೆ. ಫೈಲ್ ಪಟ್ಟಿಯಲ್ಲಿರುವ ವರ್ಷನ್ಸ್ ಎಂಬ ಸೌಕರ್ಯದಿಂದ ಒಂದೇ ಕಡತದೊಳಗೆ ಹಲವು ಅವಸ್ಥೆಗಳನ್ನು ಟಿಪ್ಪಣಿಯೊಡನೆ ಕಾದಿಡಬಹುದು. ಆದರೆ ಸೇವ್ ಆ್ಯಸ್ ಮಾಡಿ ತೆಗೆದ ಹೊಸ ಪ್ರತಿಗೆ ಆ ಹಳೆಯ ಅವಸ್ಥೆಗಳು ಬರುವುದಿಲ್ಲವೆಂಬುದನ್ನು ನೆನಪಿಡಬೇಕು. ಎರಡು ಪ್ರತಿಗಳಲ್ಲಿ ಸಂಶಯ ಬಂದರೆ ಕಂಪೇರ್ ಡಾಕ್ಯುಮೆಂಟ್ ಎಂಬುದನ್ನು ಒತ್ತಿದರಾಯಿತು. ಕೂಡಿಸಿದ ಮಾತು, ಕಳೆದ ಮಾತು ಬಣ್ಣಗಳಲ್ಲಿ ಎದ್ದು ಕಾಣುತ್ತವೆ. ನಮ್ಮ ಗುರುಗಳು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ ಪಾಠಾಂತರಶೋಧನೆಯನ್ನು ಅದು ಕ್ಷಣದಲ್ಲಿ ಮಾಡಿ ತೋರಿಸುತ್ತದೆ. ಆದರೆ ಹೋಲಿಸಲು ಎರಡು ಪ್ರತಿಗಳು ಇರಬೇಕು. ಅದಕ್ಕಾಗಿ ದಿನದ ಕೊನೆಗೆ ಒಂದು ನಕಲನ್ನು ಬೇರೆ ಡಿಸ್ಕಿನಲ್ಲಿಯೂ ಇನ್ನೊಂದನ್ನು ಶಾಲೆಯ ಹೊರಗೂ ಇಡುತ್ತಿದ್ದೇವೆ. ಲೇಖಕರು ಒಪ್ಪಿದ ಪಾಠವನ್ನು ಕಾಗದದ ಮೇಲೆ ಮುದ್ರಿಸಿ ಅವರ ಸಹಿ ಪಡೆಯುತ್ತೇವೆ.

ಇನ್ನು ಹಿರಿಯರ ಲೇಖನದ ಗತಿ. ಅವರು ಹೇಳಿದ ಮಾತುಗಳ ಸಾರ ನನ್ನ ನೆನಪಿನಲ್ಲಿದೆ, ಶಬ್ದಗಳಿಲ್ಲ. ನನ್ನ ಶಬ್ದಗಳಿಂದ ಅದನ್ನು ತುಂಬಿ ಅವರ ಹೆಸರಿನಲ್ಲಿ ಅಚ್ಚುಹಾಕಿಸುವುದು ಪ್ರಕ್ಷೇಪವಾಗುತ್ತದೆ. ಯಾವ ಸಂಪಾದಕನಿಗೂ ಆ ಅಧಿಕಾರವಿಲ್ಲ. ತಿದ್ದದ ಪಾಠವನ್ನು ಮುದ್ರಿಸಿದರೆ ನಿರಪರಾಧಿಯು ಎರಡನೆಯ ಬಾರಿ ಏಟು ತಿಂದಂತಾಗುತ್ತದೆ. ಶ್ರೀಗಳವರಲ್ಲಿ ನಿವೇದಿಸಿದಾಗ, “ನಿಮಗೆ ಗೊತ್ತಿರುವುದನ್ನು ನಿಮ್ಮ ಹೆಸರಿನಲ್ಲಿಯೇ ಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ಅದರಂತೆ ಈ ಸಂಚಿಕೆಯಲ್ಲಿ ಆ ಲೇಖನದ ಪ್ರಸಂಗವೊಂದನ್ನು ಬಿಟ್ಟು, ಬಿಟ್ಟ ಜಾಗವನ್ನು ಚುಕ್ಕೆಗಳಿಂದ ಗುರುತಿಸಿದ್ದೇವೆ. ಆ ಚುಕ್ಕೆಗಳ ಅರ್ಥ ಈ ಬರಹದಲ್ಲಿದೆ.

ಅಂದಿನ ಆ ಬಾಲಕರು ಇಂದು ಅರವತ್ತು ದಾಟಿರಬೇಕು. ಅವರ ಹೆಸರನ್ನು ಹಿರಿಯರೂ ಬರೆಯಲಿಲ್ಲ, ನಾನೂ ಬರೆಯುವುದಿಲ್ಲ. ಮಹನೀಯರೇ, ಈ ಪುಟ ತಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಯಬೇಕು: ನಿಘಂಟು ಸಿಕ್ಕಿತು. ತಾವು ಕದ್ದಿರಲಿಲ್ಲವೆಂದು ತಮಗೆ ಶಿಕ್ಷೆ ಕೊಟ್ಟವರೇ ತಮ್ಮ ಬಾಯಿಂದ ಹೇಳಿ ಕ್ಷಮೆ ಕೋರಿದರು. ಆ ಮಾತನ್ನು ಬರೆದುಕೊಂಡವನು ನಾನು, ಕಳೆದವನೂ ನಾನೇ. ಅವರ ಪರವಾಗಿ ಒಮ್ಮೆ, ನನ್ನ ಪರವಾಗಿ ಒಮ್ಮೆ, ತಮಗೆ ಶರಣು.